ಲೆಕ್ಕಕ್ಕೆ ಬಾರದ ಹೊಟ್ಟೆ

ನನ್ನ ತಂಗಿಯ ಹೊಟ್ಟೆ ನಾರುತ್ತಿತ್ತು. ಬದುಕಿದ್ದಾಗಲೇ. ಕೂಸು ಎದೆ ಕಚ್ಚಿಕೊಂಡು ಹಾಲು ಹುಡುಕುತ್ತಿದ್ದಾಗಲೇ.

ಇಂಥದ್ದನ್ನೆಲ್ಲ ಬಿಡಿಸಿ ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ. ಹೂಕುಂಡದಲ್ಲಿ ಬಹಳ ದಿನ ನಿಂತ ನೀರು, ಆ ನೀರಿನಲ್ಲಿ ಸತ್ತ ಇಲಿ. ಹಾಗಿತ್ತು ವಾಸನೆ. ಕೂಸು ತೆಗೆಯಲು ಹೊಕ್ಕುಳ ಕೆಳಗೆ ಅಡ್ಡಕ್ಕೆ ಕೊಯ್ದು ಹೊಲಿದಿದ್ದರು. ಆ ಹೊಲಿಗೆಯ ಒಂದು ತುದಿ ಬಾಯಿ ಬಿಟ್ಟಿತ್ತು. ಮೊದಲು ನೀರಿನಂಥದ್ದು ಬಂತು. ಆಮೇಲೆ ಹಳದಿ. ಆಮೇಲೆ ಹಸಿರು.

ನಾನು ವಾಸನೆಗೆ ಹೆದರುವವಳಲ್ಲ. ನಾರುವುದೇ ನನ್ನ ಅನ್ನ. ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಬಟ್ಟೆ ಒಗೆಯುತ್ತಿದ್ದೆ. ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಗೋಡೆ ಸದಾ ಬೆವರುತ್ತದೆ. ಬೆಳಗಾದರೆ ತಳ್ಳುಗಾಡಿಯಲ್ಲಿ ಗಂಟುಗಳು ಬರುತ್ತವೆ. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ಹೆರಿಗೆ ಕೋಣೆಯ ಹಾಸು, ವಾರ್ಡಿನ ಹೊದಿಕೆ. ಗಂಟು ಬಿಚ್ಚಿದರೆ ರಕ್ತ. ಮಲ. ವಾಂತಿ. ಹೆಪ್ಪುಗಟ್ಟಿದ ತುಂಡುಗಳು. ಒಮ್ಮೊಮ್ಮೆ ಬಟ್ಟೆಯ ಮಡಿಕೆಯಲ್ಲಿ ಸೂಜಿ ಅಡಗಿರುತ್ತದೆ, ನಮ್ಮ ಕೈಗೆ ಚುಚ್ಚಿದ ಮೇಲೆ ಸಿಗುತ್ತದೆ. ಒಂದೊಂದನ್ನೂ ಕೊಡವಿ, ತೊಟ್ಟಿಯಲ್ಲಿ ನೆನೆಹಾಕಿ, ಕಲೆ ಬಿಡದಿದ್ದರೆ ಕೈಯಲ್ಲೇ ಉಜ್ಜಿ, ಆಮೇಲೆ ಮಷಿನ್ನಿಗೆ ತುಂಬಬೇಕು. ನೆನೆದ ಬಟ್ಟೆ ಹೆಣದ ಭಾರ. ಬ್ಲೀಚಿಂಗ್ ಪೌಡರಿಗೆ ಉಗುರಿನ ಸಂದಿ ಸುಟ್ಟು ಸುಲಿಯುತ್ತದೆ. ನಾವು ಲಿಫ್ಟಿನ ಹತ್ತಿರ ಬಂದರೆ ಒಳಗಿದ್ದವರು ಮೂಗು ಮುಚ್ಚಿಕೊಂಡು ಇಳಿದುಬಿಡುತ್ತಾರೆ. ತಮ್ಮದೇ ರಕ್ತ, ತಮ್ಮದೇ ಮಲ. ಗಂಟು ಕಟ್ಟಿ ನಮ್ಮ ಕೈಗೆ ಕೊಟ್ಟ ಕ್ಷಣದಿಂದ ಅದು ನಮ್ಮದಾಗಿಬಿಡುತ್ತದೆ.

ತಂಗಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಮ್ಮ ಜೊತೆ ಉದ್ದಕ್ಕ ಇದ್ದಳು. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಉದ್ದ, ಆದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಇನ್ನಷ್ಟು ಹೆಂಗಸರೂ ಇದ್ದರು. ಗಂಡಸರೆಂದರೆ ಮಷಿನ್ ತಿರುಗಿಸುವ ಒಬ್ಬ ಮುದುಕ, ಅವನಿಗೆ ಕಿವಿ ಕೇಳುತ್ತಿರಲಿಲ್ಲ. "ಪುಣ್ಯಾತ್ಮ, ಮೂಗೂ ಹೋಗಿದ್ರೆ ಸ್ವರ್ಗಾನೇ ಸಿಕ್ಕಿಬಿಡ್ತಿತ್ತು ನಿಂಗೆ" ಎಂದು ತಂಗಿ ಅವನನ್ನು ಛೇಡಿಸುವಳು.

ಅವಳ ಮೊದಲ ಹೆರಿಗೆಯೂ ಇದೇ ಆಸ್ಪತ್ರೆಯಲ್ಲಿ, ಪುಕ್ಕಟೆ ನೋಡುವ ಕೆಳಗಿನ ವಾರ್ಡಿನಲ್ಲಿ ಆಗಿತ್ತು. ಆಗಲೂ ಸಿಸೇರಿಯನ್. ಆ ಕಾಲದಲ್ಲಿ ಆಸ್ಪತ್ರೆಯಲ್ಲಿ ಒಂದು ಸ್ಟಡಿ ನಡೆಯುತ್ತಿತ್ತು. ಹೊಟ್ಟೆ ಕೊಯ್ದು ಆಪರೇಷನ್ ಮಾಡಿದವರಿಗೆ ಗಾಯ ಕೊಳೆಯದ ಹಾಗೆ ಏನು ಮಾಡಬೇಕು ಎಂಬ ಸಂಶೋಧನೆ. ಅದರ ಮುಖ್ಯಸ್ಥೆ ನಮ್ಮ ದೊಡ್ಡ ಡಾಕ್ಟರಮ್ಮ. ಉಪಾಯ ಸರಳ. ಹೊಟ್ಟೆಯೊಳಗಿನ ಕೆಲಸ ಮುಗಿದು ಹೊಲಿಗೆ ಹಾಕುವ ಮುಂಚೆ ಡಾಕ್ಟರು, ಸಿಸ್ಟರು ಎಲ್ಲರೂ ಗ್ಲೌಸ್ ಕಳಚಿ ಹೊಸದು ಹಾಕಿಕೊಳ್ಳಬೇಕು. ಅಷ್ಟು ಹೊತ್ತು ರಕ್ತದಲ್ಲಿ ಆಡಿದ ಕತ್ತರಿ, ಇಕ್ಕಳ ಬದಿಗಿಟ್ಟು ಬೇರೆ ಶುದ್ಧ ಸಾಮಾನು ತೆಗೆಯಬೇಕು. ನಮ್ಮ ಆಸ್ಪತ್ರೆಗೆ ಈ ಹೊಸ ಪದ್ಧತಿ. ಇನ್ಯಾವುದೋ ಊರಿನ ಆಸ್ಪತ್ರೆಗೆ ಹಳೆಯದೇ. ಎರಡೂ ಕಡೆಯ ಹೆಂಗಸರ ಹೊಟ್ಟೆ ಹೋಲಿಸಿ ನೋಡುವುದು.

ತಂಗಿಯ ಗಾಯ ಗೆರೆ ಎಳೆದ ಹಾಗೆ ಕೂಡಿಕೊಂಡಿತು. ಮನೆಗೆ ಬಂದ ಮೇಲೂ ಸ್ಟಡಿಯ ಹುಡುಗಿಯೊಬ್ಬಳು ಬಿಡದೆ ಫೋನ್ ಮಾಡುತ್ತಿದ್ದಳು. ಜ್ವರ ಇದೆಯಾ? ಗಾಯ ಕೆಂಪಾಗಿದೆಯಾ? ಕೀವು ಬರ್ತಿದೆಯಾ? ನಾವು ಅವಳಿಗೆ ಫೋನ್ ಮೇಡಂ ಎಂದು ಹೆಸರಿಟ್ಟೆವು. "ಹೆತ್ತಮ್ಮ ಇದ್ದಿದ್ರೂ ಇಷ್ಟು ವಿಚಾರಿಸ್ತಿರಲಿಲ್ಲ" ಎಂದು ತಂಗಿ ನಗುತ್ತಿದ್ದಳು. ಆಮೇಲೆ ಅವಳದೂ ಹೆಣ್ಣುಕೂಸಿನದೂ ಫೋಟೋ ಹಿಡಿದು, ದೊಡ್ಡದು ಮಾಡಿ, ಆಸ್ಪತ್ರೆಯ ಮುಂಬಾಗಿಲ ಗೋಡೆಗೆ ಹಾಕಿದರು. ಕೆಳಗೆ 'ಶುದ್ಧ ಕೈ, ಸುರಕ್ಷಿತ ತಾಯಿ' ಎಂದು ಬರೆಸಿದರು. ಆ ಬಾಗಿಲಿನಿಂದ ಲಾಂಡ್ರಿಯವರು ಒಳಗೆ ಬರುವ ಹಾಗಿಲ್ಲ. ನಾವು ಬರುವುದು ಹಿಂಬಾಗಿಲಿನಿಂದ, ಹೆಣ ಹೊರಗೆ ಹೋಗುವ ದಾರಿಯಿಂದ.

ಎರಡನೆಯದು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಮತ್ತೆ ಕೊಯ್ದರು. ಗಂಡುಕೂಸು, ಗುಂಡುಗುಂಡಗೆ ಇತ್ತು. ತಂಗಿಗೆ ವಾರ್ಡಿನಲ್ಲಿರುವಾಗಲೇ ಮೈ ಬೆಚ್ಚಗಿತ್ತು. ಹಾಲು ಇಳಿಯುವಾಗ ಹಾಗೇ ಆಗುತ್ತೆ ಅಂದರು. ಬೆಡ್ ಬೇಕಿತ್ತು, ಮನೆಗೆ ಕಳಿಸಿದರು. ಈ ಸಲ ಯಾರೂ ಫೋನ್ ಮಾಡಲಿಲ್ಲ.

ಮನೆಯಲ್ಲಿ ಹಾಸಿಗೆ ಒದ್ದೆಯಾಯಿತು. ಕೂಸು ಉಚ್ಚೆ ಹೊಯ್ದಿದೆ ಅಂದುಕೊಂಡೆವು. ತಂಗಿಯ ಗಂಡ ಮನೆಗಳಿಗೆ ಬಣ್ಣ ಬಳಿಯುವವನು, ಟರ್ಪೆಂಟೈನ್ ವಾಸನೆಗೆ ಅವನ ಮೂಗು ಸತ್ತಿತ್ತು. ಆ ಮೂಗಿಗೂ ಗೊತ್ತಾಯಿತು. "ಅತ್ತಿಗೆ, ಇದು ಸರಿ ಇಲ್ಲ. ಬನ್ನಿ, ಎತ್ತೋಣ" ಅಂದ. ಇಬ್ಬರೂ ಸೇರಿ ಅವಳನ್ನು ಆಟೋದಲ್ಲಿ ಮಲಗಿಸಿ ತಂದೆವು. ಡ್ರೈವರು ದಾರಿಯುದ್ದಕ್ಕೂ ತಲೆ ಹೊರಗೆ ಹಾಕಿ ಗಾಡಿ ಓಡಿಸಿದ.

ಕೆಳಗಿನ ವಾರ್ಡಿಗೆ ಮರಿ ಡಾಕ್ಟರು ಬಂದ. ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ, ಅದಕ್ಕೇ ನಾವಿಟ್ಟ ಹೆಸರು. ಹಿಂದೆ ಓದುವ ಹುಡುಗ ಹುಡುಗಿಯರ ಹಿಂಡು. ಪರದೆ ಎಳೆಯಲಿಲ್ಲ. ತಂಗಿಯ ಬಟ್ಟೆಯನ್ನು ಅವನೇ ಎದೆಯವರೆಗೆ ಎತ್ತಿದ. ಒಳಉಡುಪೂ ಇರಲಿಲ್ಲ ಅವಳಿಗೆ. ಎದುರು ಬೆಡ್ಡಿನವಳನ್ನು ನೋಡಲು ಬಂದಿದ್ದ ಗಂಡಸರು ಅಲ್ಲೇ ನಿಂತಿದ್ದರು. ತಂಗಿ ಕೈಯಿಂದ ಮುಚ್ಚಿಕೊಳ್ಳಲು ಹೋದರೆ ಅವನು ಪೆನ್ನಿನ ತುದಿಯಿಂದ ಅವಳ ಕೈ ಸರಿಸಿದ. ಪೆನ್ನಿನಿಂದ. ಕೈಯಿಂದ ಮುಟ್ಟಲಿಲ್ಲ.

"ಮನೇಲಿ ಸ್ನಾನ ಗೀನ ಮಾಡ್ತೀರಾ ಇಲ್ವಾ?" ಅಂದ.

"ಮಾಡ್ತೀವಿ ಸಾರ್" ಅಂದಳು ತಂಗಿ.

"ಮಾಡಿದ್ರೆ ಹೀಗಾಗುತ್ತಾ? ಹಂದಿಗೂಡಲ್ಲಿ ಬಾಣಂತೀನ ಮಲಗಿಸ್ತೀರ. ಹೊಲಿಗೆ ಕಿತ್ತು ಬಂದ್ರೆ ನಮ್ಮ ಮೇಲೆ ಹಾಕ್ತೀರ." ಹಿಂಡಿನ ಕಡೆ ತಿರುಗಿದ. "ನೋಡ್ಕೊಳ್ಳಿ. ಪೂರ್ ಹೈಜೀನ್."

ಒಬ್ಬ ಹುಡುಗ ಕರ್ಚೀಫು ಮೂಗಿಗೆ ಒತ್ತಿಕೊಂಡ. ಇನ್ನೊಬ್ಬಳು ಹಲ್ಲು ಕಚ್ಚಿ ನಗು ತಡೆದಳು. ಏನು ನಗು ಬಂತೋ.

ನನ್ನ ತಂಗಿ ಅವರ ಅಂಗಿ ಮಡಿಸಿದವಳು. ಅವರು ತೊಟ್ಟ ಆ ಬಿಳಿ ಕೋಟಿನ ಮಡಿಕೆಗಳು ಅವಳ ಕೈಯವು. ಕಾಲರಿನ ಕೊಳೆ ನಾನು ಉಜ್ಜಿದ್ದು. ಊರ ಕೊಳೆಯನ್ನೆಲ್ಲ ತೊಳೆದವರನ್ನು ಊರೆಲ್ಲ ಸೇರಿ ಕೊಳಕರು ಅಂದಿತು.

ಆಮೇಲೆ ಉಳಿದ ಹೊಲಿಗೆಯನ್ನೂ ಅಲ್ಲೇ ಬಿಡಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೋ ಇಲ್ಲವೋ, ಅವಳು ಕೂಗಿದ್ದು ನೆಲಮಾಳಿಗೆಯಲ್ಲಿದ್ದ ಉದ್ದಕ್ಕನಿಗೂ ಕೇಳಿಸಿತಂತೆ. ಗಾಯದೊಳಗೆ ಗಾಜ್ ಬಟ್ಟೆ ತುರುಕಿದರು. ದಿನವೂ ಎಳೆದು ತೆಗೆಯುವುದು, ಹೊಸದು ತುರುಕುವುದು. ಗೋಣಿಚೀಲಕ್ಕೆ ಹುಲ್ಲು ತುಂಬಿದ ಹಾಗೆ. ಜ್ವರಕ್ಕೆ ಅವಳ ಹಾಲು ಬತ್ತಿತು. ಕೂಸು ಬರಿಯ ಎದೆ ಚೀಪಿ ಚೀಪಿ ಅತ್ತಿತು. ಪಕ್ಕದ ಬೆಡ್ಡಿನಲ್ಲಿ ಚೊಚ್ಚಲ ಬಾಣಂತಿಯೊಬ್ಬಳಿದ್ದಳು, ಇನ್ನೂ ಎಳೆ ಹುಡುಗಿ. ಅವಳೇ ತನ್ನ ಕೂಸಿನ ಜೊತೆ ಇದಕ್ಕೂ ಹಾಲು ಕೊಟ್ಟಳು. ಅವಳ ಹೊಲಿಗೆಯ ಸುತ್ತ ಕೆಂಪಗೆ ಊದಿಕೊಳ್ಳುತ್ತಿತ್ತು.

ಅಂಥಾ ದಿನಗಳಲ್ಲಿ ಫೋನ್ ಮೇಡಂ ಲಾಂಡ್ರಿಗೆ ಇಳಿದು ಬಂದಳು. ಮುಖ ಅರಳಿತ್ತು.

"ಅಕ್ಕಾ, ನಿಮ್ಮ ತಂಗಿ ಎಲ್ಲಿ? ನಮ್ಮ ಸ್ಟಡಿ ಗೆದ್ದುಬಿಡ್ತು! ಡಾಕ್ಟರುಗಳು ಓದೋ ದೊಡ್ಡ ಪತ್ರಿಕೇಲಿ ಬಂತು. ಹೊರದೇಶದೋರು ನೋಡೋಕೆ ಬರ್ತಿದಾರೆ, ಕಾರ್ಯಕ್ರಮ ಇದೆ. ಫೋಟೋದಲ್ಲಿರೋ ತಾಯೀನ ವೇದಿಕೆ ಮೇಲೆ ನಿಲ್ಲಿಸಿ ಹೂ ಕೊಡಿಸ್ಬೇಕಂತೆ."

ನಾನು ಕೈ ಒರೆಸಿಕೊಂಡೆ. "ಬನ್ನಿ ತೋರಿಸ್ತೀನಿ" ಅಂದೆ.

ವಾರ್ಡಿನಲ್ಲಿ ಆಗ ತಾನೇ ಗಾಜ್ ಬದಲಾಯಿಸುತ್ತಿದ್ದರು. ಫೋನ್ ಮೇಡಂ ಕಣ್ಣಿನಿಂದ ನೋಡುವ ಮೊದಲು ಮೂಗಿನಿಂದ ನೋಡಿದಳು. ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿದಳು. ಅದನ್ನೂ ನಾನೇ ಒರೆಸಿದೆ. ಹೊರಗೆ ಮೆಟ್ಟಿಲ ಮೇಲೆ ಕೂತು ನೀರು ಕುಡಿದಳು. ಒಳ್ಳೆಯ ಹುಡುಗಿ. ಅಳುತ್ತಿದ್ದಳು.

"ಗ್ಲೌಸ್ ಬದಲಾಯಿಸಿದ್ರೆ ಕೊಳೆಯೋದಿಲ್ಲ ಅಂದಿದ್ರಿ" ಅಂದೆ.

"ಹೌದು ಅಕ್ಕ. ಕೊಳೆಯೋದು ಬಹಳ ಕಮ್ಮಿ ಆಗುತ್ತೆ. ಅದನ್ನೇ ನಾವು ಸಾಬೀತು ಮಾಡಿದ್ದು."

"ಮತ್ತೆ ಇದೇನು?"

ಅವಳು ನೆಲ ನೋಡಿದಳು. "ಸ್ಟಡಿ ಮುಗೀತಲ್ಲ ಅಕ್ಕ. ಆ ಹೆಚ್ಚಿನ ಗ್ಲೌಸು, ಹೆಚ್ಚಿನ ಸಾಮಾನು ಎಲ್ಲಾ ಸ್ಟಡಿ ಕಡೆಯಿಂದ ಬರ್ತಿತ್ತು. ಮುಗಿದ ಮೇಲೆ ನಿಂತುಹೋಯ್ತು. ಮೇಲಿನ ಮಹಡೀಲಿ ಮುಂದುವರಿಸಿದಾರೆ. ಕೆಳಗಿನ ಥಿಯೇಟರಲ್ಲಿ ಮತ್ತೆ ಹಳೇ ಥರಾನೇ."

ಮೇಲಿನ ಮಹಡಿ ಎಂದರೆ ದುಡ್ಡು ಕೊಟ್ಟು ಹೆರುವವರದು. ಅಲ್ಲಿ ಗೋಡೆಗೆ ಹೂವಿನ ಚಿತ್ರಗಳಿವೆ.

"ಯಾವಾಗ ನಿಲ್ಲಿಸಿದ್ರು?"

"ಗೆದ್ದ ಮೇಲೆ."

"ಗೆದ್ದ ಮೇಲೆ ನಿಲ್ಲಿಸಿದ್ರಾ?"

ಅವಳು ನೀರಿನ ಲೋಟ ಮೆಟ್ಟಿಲ ಮೇಲೆ ಇಟ್ಟಳು.

"ಈಗ ಇವಳ ಹೊಟ್ಟೆ ಹೀಗಾಯ್ತಲ್ಲ. ಇದನ್ನು ಬರ್ಕೊಳ್ತೀರಾ?"

"ಸ್ಟಡಿ ಮುಗಿದ ಮೇಲೆ ಆದದ್ದು ಅಕ್ಕ. ಲೆಕ್ಕಕ್ಕೆ ಬರೋದಿಲ್ಲ."

  ನನಗೆ ಆ ಇನ್ನೊಂದು ಊರಿನ ಆಸ್ಪತ್ರೆಯ ನೆನಪಾಯಿತು. ಅಲ್ಲಿ ಹಳೆಯ ಗ್ಲೌಸಿನಲ್ಲೇ ಹೊಲಿಸಿಕೊಂಡ ಹೆಂಗಸರು. ನಮ್ಮದು ವಾಸಿಯಾಯಿತು ಎಂದು ತೋರಿಸಲು ಅವರದು ಕೊಳೆಯಬೇಕಿತ್ತು. ಕೊಳೆಯುವವರೆಗೂ ಯಾರೋ ಅವರಿಗೂ ಫೋನ್ ಮಾಡಿ ಮಾಡಿ ಕೇಳಿರಬೇಕು. ಕೀವು ಬಂತಾ? ಬಂತಾ? ಬಂತು ಅಂದ ಕೂಡಲೇ ಬರೆದುಕೊಂಡಿರಬೇಕು. ಅವರಾದರೂ ಲೆಕ್ಕಕ್ಕೆ ಬಂದರು. ನನ್ನ ತಂಗಿ ಅದಕ್ಕೂ ಬರಲಿಲ್ಲ.

ಮಾರನೆಯ ದಿನ ಸೆಂಟ್ ಸಾಹೇಬ ನನ್ನನ್ನು ಕರೆಸಿದ. ಆಸ್ಪತ್ರೆಯ ಆಡಳಿತವೆಲ್ಲ ಅವನದು. ಅವನು ಬರುವುದಕ್ಕಿಂತ ಮುಂಚೆ ಅವನ ಸೆಂಟು ಬರುತ್ತದೆ, ಅವನು ಹೋದ ಮೇಲೂ ನಿಂತಿರುತ್ತದೆ. ಅವನ ಕೋಣೆಯಲ್ಲಿ ನಾನು ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಕಾಲೊರಸಿನ ಮೇಲೆ ನಿಂತೆ.

"ನಿನ್ನ ತಂಗಿ ವಿಷಯ ಗೊತ್ತಾಯ್ತು. ಪಾಪ" ಅಂದ. "ನೋಡಮ್ಮ, ಹೊರಗಿನೋರು ಬರ್ತಿದಾರೆ. ಫೋಟೋದಲ್ಲಿರೋಳು ಎಲ್ಲಿ ಅಂತ ಕೇಳೇ ಕೇಳ್ತಾರೆ. ನಿಂದೂ ಅವಳದೂ ಒಂದೇ ಮುಖ. ಅದೇ ಮೂಗು, ಅದೇ ಹಣೆ. ನೀನೇ ನಿಂತ್ಕೋ. ಆ ಹೆಣ್ಣುಮಗೂನ ಎತ್ಕೋ. ಮಾತಾಡೋದೇನಿಲ್ಲ, ನಕ್ಕರೆ ಸಾಕು."

ನಾನು ಕಾಲೊರಸಿನಿಂದ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟೆ.

"ಒಳ್ಳೇ ಬಟ್ಟೆ ಕೊಡಿಸ್ತೀನಿ. ತಂಗೀನ ಮೇಲಿನ ಮಹಡಿಗೆ ಹಾಕಿಸ್ತೀನಿ. ಅಲ್ಲಿ ಒಳ್ಳೇ ಔಷಧಿ, ದೊಡ್ಡ ಡಾಕ್ಟರೇ ನೋಡ್ತಾರೆ. ಇಲ್ಲೇ ಬಿದ್ದಿದ್ರೆ ಏನಾಗುತ್ತೆ ನಾನು ಹೇಳ್ಬೇಕಾ?"

ಅದು ನಿಜವಾಗಿತ್ತು. ಅದೇ ಹೊಲಸು. ಅವನು ಸುಳ್ಳು ಹೇಳಿದ್ದರೆ ಉಗಿದು ಬರುತ್ತಿದ್ದೆ. ಮೇಲೆ ಹೋದರೆ ಉಳಿಯುತ್ತಾಳೆ, ಇಲ್ಲೇ ಇದ್ದರೆ ಹೋಗುತ್ತಾಳೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಕೇಳಿ ಹೇಳ್ತೀನಿ ಸಾರ್" ಎಂದು ಬಂದೆ.

ತಂಗಿಯ ಕಣ್ಣು ಗುಳಿ ಬಿದ್ದಿದ್ದವು. ತುಟಿ ಒಡೆದಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಅವಳ ಕಾಲು ಒತ್ತುತ್ತ ಹೇಳಿದೆ, ಮುಖ ನೋಡಿ ಹೇಳಲಾಗಲಿಲ್ಲ.

"ನನ್ನ ವೇಷ ಹಾಕ್ತೀಯಾ?" ಅಂದಳು.

"ನೀನು ಬದುಕಿದ್ರೆ ಸಾಕು ಕಣೆ. ಯಾವ ವೇಷ ಆದ್ರೂ ಹಾಕ್ತೀನಿ."

"ಹಾಕ್ಕೋ. ಹಾಗಾದ್ರೆ ಈ ಹೊಟ್ಟೇನೂ ಹಾಕ್ಕೊಂಡು ಹೋಗು. ಇದನ್ನ ಇಲ್ಲಿ ಬಿಟ್ಟು ಮುಖ ಮಾತ್ರ ಒಯ್ಯಬೇಡ."

ಉಸಿರು ಕಟ್ಟಿತು ಅವಳಿಗೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮತ್ತೆ ಪಕ್ಕದ ಬೆಡ್ಡಿನ ಕಡೆ ತಲೆ ಆಡಿಸಿದಳು. "ಇವಳದೂ ನಾರೋಕೆ ಶುರುವಾಗಿದೆ ಅಕ್ಕ. ನನ್ನ ಮೂಗು ಇನ್ನೂ ಸತ್ತಿಲ್ಲ. ನನ್ನ ಮಗೂಗೆ ಹಾಲು ಕೊಡ್ತಿರೋಳು ಇವಳು. ನಾನು ಮೇಲೆ ಹೋಗಿ ಹೂವಿನ ಚಿತ್ರ ನೋಡ್ತಾ ಮಲಗ್ಲಾ?"

"ಸತ್ತು ಹೋಗ್ತೀಯೇ ಮುಂಡೇದೇ" ಎಂದು ನಾನು ಅತ್ತೆ.

"ಸತ್ರೆ ನೀನೇ ಒಗಿ ನನ್ನ ಬಟ್ಟೇನ" ಅಂದಳು. ಆ ಸ್ಥಿತಿಯಲ್ಲೂ ಬಾಯಿ ಹಾಗೇ.

ನಾನು ಸೆಂಟ್ ಸಾಹೇಬನ ಕೋಣೆಗೆ ವಾಪಸ್ ಹೋಗದೆ ಲಾಂಡ್ರಿಗೆ ಇಳಿದೆ. ಎಲ್ಲರಿಗೂ ಹೇಳಿದೆ. ಗ್ಲೌಸಿನ ಕಥೆ, ಗೆದ್ದ ಮೇಲೆ ನಿಲ್ಲಿಸಿದ ಕಥೆ, ನನ್ನ ಮುಖ ಬಾಡಿಗೆಗೆ ಕೇಳಿದ ಕಥೆ. ಹೇಳುವಾಗ ಮಷಿನ್ ನಿಲ್ಲಿಸಿದ್ದೆವು. ಕಿವುಡ ಮುದುಕ ಯಾಕೆ ನಿಂತಿತು ಎಂದು ಎಲ್ಲರ ಮುಖ ನೋಡುತ್ತಿದ್ದ. ನಮ್ಮ ಎದುರಿಗೆ ಕಾರ್ಯಕ್ರಮದ ಗಂಟು ಬಿದ್ದಿತ್ತು. ಸಭಾಂಗಣದ ಬಿಳಿ ಪರದೆಗಳು, ಮೇಜಿಗೆ ಹಾಸುವ ಬಟ್ಟೆಗಳು. ಮೊದಲು ಅದನ್ನು ಒಗೆಯಿರಿ, ಉಳಿದದ್ದು ಆಮೇಲೆ ಎಂದು ಆರ್ಡರು ಬಂದಿತ್ತು.

ಉದ್ದಕ್ಕ ಆ ಗಂಟನ್ನು ಕಾಲಿನಿಂದ ಮೂಲೆಗೆ ನೂಕಿದಳು.

"ನಾವೂ ಒಂದು ಸ್ಟಡಿ ಮಾಡೋಣ ಕಣ್ರೇ" ಅಂದಳು. "ಕೆಳಗಿನೋರಿಗೆ ಒಗೆದ ಬಟ್ಟೆ. ಮೇಲಿನೋರಿಗೆ ಒಗೆಯದೇ ಇರೋ ಬಟ್ಟೆ. ಯಾರು ನಾರ್ತಾರೆ ನೋಡೋಣ."

ಮೊದಲು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಹೆದರಿಕೆ ಇತ್ತು. ಎಲ್ಲರ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಒಬ್ಬಳು ಗಂಡನನ್ನು ಕೇಳಿ ಬರುತ್ತೇನೆ ಎಂದು ಹೋದವಳು ಬರಲೇ ಇಲ್ಲ. ಉಳಿದವರು ಉಳಿದೆವು. ಕೆಳಗಿನ ವಾರ್ಡು, ಕೆಳಗಿನ ಥಿಯೇಟರಿನ ಬಟ್ಟೆಯನ್ನು ಎಂದಿನಂತೆ ಒಗೆದೆವು. ಎಂದಿಗಿಂತ ಚೆನ್ನಾಗಿ ಒಗೆದೆವು. ಮೇಲಿನ ಮಹಡಿಯ ಗಂಟುಗಳನ್ನು ಮುಟ್ಟಲಿಲ್ಲ. ಅವು ಬಂದ ಹಾಗೆ ತಳ್ಳುಗಾಡಿಯಲ್ಲಿ ಬಿದ್ದಿದ್ದವು. ಮೇಲೆ ಯಾರಿಗಾದರೂ ಜೀವಕ್ಕೆ ಬಂದರೆ ಇರಲಿ ಎಂದು ಒಂದು ಗಂಟು ಮಾತ್ರ ಒಗೆದು ಮಡಿಸಿ ಬೇರೆ ಇಟ್ಟೆವು. ನಾವು ಕೊಲೆಗಡುಕರಲ್ಲ.

ಲಾಂಡ್ರಿಯ ಮೇಸ್ತ್ರಿ ಬಂದು ಬೈದ. ಬೆದರಿಸಿದ. ಕೈ ಮುಗಿದ. ಹೋದ.

ಕಾರ್ಯಕ್ರಮದ ದಿನದ ಹೊತ್ತಿಗೆ ಗಂಟುಗಳು ನೆಲಮಾಳಿಗೆ ತುಂಬಿ ಮೆಟ್ಟಿಲಿಗೆ ಬಂದಿದ್ದವು. ಸೆಕೆ ಇತ್ತು. ನೊಣ ಬಂದವು. ಶ್ರೀಮಂತರ ರಕ್ತವೂ ಹಾಗೇ ನಾರುತ್ತದೆ, ಬೇರೆ ಏನಿಲ್ಲ. ವಾಸನೆಗೆ ಹಿಂಬಾಗಿಲು ಮುಂಬಾಗಿಲು ಗೊತ್ತಿಲ್ಲ. ಅದು ಮೆಟ್ಟಿಲು ಹತ್ತಿತು, ಓಣಿ ದಾಟಿತು, ಸಭಾಂಗಣಕ್ಕೆ ಹೋಯಿತು. ಬಾಡಿಗೆಯ ಪರದೆ ತಂದು ಕಟ್ಟಿದ್ದರಂತೆ. ಹೂವಿನ ಬುಟ್ಟಿ ಇಟ್ಟರಂತೆ. ಸೆಂಟ್ ಸಾಹೇಬ ತನ್ನ ಶೀಶೆಯನ್ನೇ ತಂದು ಗೋಡೆಗೆಲ್ಲ ಹೊಡೆದನಂತೆ. ಸೆಂಟೂ ಕೊಳೆತ ರಕ್ತವೂ ಸೇರಿದರೆ ಹೇಗಿರುತ್ತದೆ, ನೀವೇ ಊಹಿಸಿಕೊಳ್ಳಿ. ಅತಿಥಿಗಳಿಗೆ ನೀರಿನ ತೊಂದರೆ ಎಂದು ಹೇಳಿದರಂತೆ.

ಆಗ ದೊಡ್ಡ ಡಾಕ್ಟರಮ್ಮ ಕೆಳಗೆ ಬಂದರು. ಅವರು ಲಾಂಡ್ರಿ ನೋಡಿದ್ದು ಅದೇ ಮೊದಲು. ಗಂಟು ತುಳಿಯದ ಹಾಗೆ ಸೀರೆ ಎತ್ತಿ ಹಿಡಿದು ಬಂದರು. ಎದೆಯ ಮೇಲೆ ಅತಿಥಿಗಳು ಕೊಟ್ಟ ಬಿಲ್ಲೆ ಇತ್ತು. ಹಿಂದೆ ಸೆಂಟ್ ಸಾಹೇಬ.

"ಇಲ್ಲಿ ಲೀಡರ್ ಯಾರು?" ಎಂದು ಕೇಳಿದರು.

"ಲೀಡರಿಲ್ಲ ಮೇಡಂ. ಲಾಂಡ್ರಿ ಇದು" ಅಂದಳು ಉದ್ದಕ್ಕ.

"ಮೇಲೆ ತುಂಬು ಬಸುರಿ ಒಬ್ಬಳು ಆಪರೇಷನ್‌ಗೆ ಕಾಯ್ತಿದಾಳೆ. ನಿಮಗೆ ಕರುಳಿಲ್ವಾ?"

ನನಗೆ ಎಲ್ಲಿಂದ ಮಾತು ಬಂತೋ ಗೊತ್ತಿಲ್ಲ. "ಇದೆ ಮೇಡಂ. ನಿಮ್ಮ ಕೆಳಗಿನ ಥಿಯೇಟರಲ್ಲಿ ಕೊಳಕು ಕೈಯಲ್ಲಿ ಸರಿಸಿ ಒಳಗೆ ಹಾಕಿದ್ರಲ್ಲ, ಅದೇ ಕರುಳು" ಅಂದೆ. "ಆಯಮ್ಮನಿಗೆ ಒಂದು ಗಂಟು ಒಗೆದಿಟ್ಟಿದೀವಿ. ತಗೊಂಡು ಹೋಗಿ. ಅವಳು ಚೆನ್ನಾಗಿ ಹೆರ್ಲಿ. ಅವಳ ಮೇಲೆ ನಮಗೆ ಸಿಟ್ಟಿಲ್ಲ."

ಅವರ ಮುಖ ಬಿಳಿಚಿಕೊಂಡಿತು. ನನ್ನ ಮುಖವನ್ನೇ ನೋಡಿದರು. ಫೋಟೋದ ಮುಖ ನೆನಪಾಗಿರಬೇಕು.

"ನೀನು ಅವಳ ಅಕ್ಕ ಅಲ್ವಾ? ಏನು ಬೇಕು ಹೇಳು."

"ಹೊಲಿಯೋ ಮುಂಚೆ ಗ್ಲೌಸ್ ಬದಲಾಯಿಸ್ಬೇಕು. ಸಾಮಾನು ಬದಲಾಯಿಸ್ಬೇಕು. ಕೆಳಗಿನೋರಿಗೂ."

"ಅದು ನನ್ನ ಕೈಲಿಲ್ಲಮ್ಮ. ನಾನೂ ಕೇಳಿದೀನಿ. ಕೊಡೋರು ಬೇರೆ."

"ಗ್ಲೌಸ್ ಹಾಕೋದು ನಿಮ್ಮ ಕೈಗೇ ಅಲ್ವಾ ಮೇಡಂ? ಬದಲಾಯಿಸೋಕೆ ಹೊಸದು ಇಲ್ಲದೆ ನೀವು ಹೊಲಿಯೋಕೆ ಕೈ ಹಾಕಿದ್ದು ಯಾಕೆ? ಗೊತ್ತಿದ್ದೂ ಹಾಕಿದ್ರಿ. ನೀವೇ ಕಂಡು ಹಿಡಿದದ್ದು. ಜಗತ್ತಿಗೆಲ್ಲ ನೀವೇ ಹೇಳ್ತಿದೀರಿ. ಈಗ ತಾನೇ ಮೇಲೆ ಹೇಳಿ ಚಪ್ಪಾಳೆ ಹೊಡೆಸ್ಕೊಂಡು ಬಂದ್ರಿ."

ಅವರು ಏನೋ ಹೇಳಲು ಬಾಯಿ ತೆರೆದರು. ಒಂದು ನೊಣ ಬಂದು ತುಟಿಯ ಮೇಲೆ ಕೂತಿತು. ಬಾಯಿ ಮುಚ್ಚಿದರು.

ಸೆಂಟ್ ಸಾಹೇಬ ಮುಂದೆ ಬಂದ. ದನಿ ಬೆಣ್ಣೆಯಾಗಿತ್ತು. "ಆದದ್ದಾಯ್ತು ತಾಯಂದಿರಾ. ಮೇಲೆ ದೊಡ್ಡೋರಿದಾರೆ, ಮರ್ಯಾದೆ ಪ್ರಶ್ನೆ. ಈ ಸಲ ಹೊಟ್ಟೆಗೆ ಹಾಕ್ಕೊಳ್ಳಿ."

"ಯಾವ ಹೊಟ್ಟೆಗೆ ಸಾರ್?" ಅಂದೆ. "ಇದ್ದ ಹೊಟ್ಟೆ ಕೊಳೆಸಿದೀರಿ."

  ಡಾಕ್ಟರಮ್ಮ ಬೇರೆ ಇಟ್ಟಿದ್ದ ಆ ಒಂದು ಗಂಟನ್ನು ತಾವೇ ಎತ್ತಿಕೊಂಡರು. ಭಾರಕ್ಕೆ ಒಮ್ಮೆ ವಾಲಿದರು. ಸೆಂಟ್ ಸಾಹೇಬ ಕೈ ಚಾಚಲಿಲ್ಲ. ಹೊತ್ತುಕೊಂಡು ಮೆಟ್ಟಿಲು ಹತ್ತಿ ಹೋದರು.

ಗೆದ್ದೆವು ಅನ್ನಬೇಕೋ ಏನೋ. ಮೇಲಿನ ಮಹಡಿಯವರ ಗಂಡಂದಿರು, ಮಾವಂದಿರು ಫೋನಿನ ಮೇಲೆ ಫೋನು ಮಾಡಿದರು. ಆಪರೇಷನ್ನುಗಳು ಮುಂದೆ ಹೋದವು. ಅವರ ಮೂಗಿಗೆ ಬಂದದ್ದೇ ಎಲ್ಲರಿಗೂ ಕಿವಿ ಬಂತು. ನಮ್ಮ ಕೂಗಿಗೆ ಅಲ್ಲ, ಅವರ ಮೂಗಿಗೆ. ಅದನ್ನು ನಾನು ಮರೆಯುವುದಿಲ್ಲ. ಕೆಳಗಿನ ಥಿಯೇಟರಿಗೆ ಗ್ಲೌಸಿನ ಪೆಟ್ಟಿಗೆಗಳು ಇಳಿದವು. ಇಷ್ಟು ದಿನ ಇಲ್ಲ ಇಲ್ಲ ಅಂದದ್ದು ಮೇಲಿನ ಮಹಡಿಯ ಉಗ್ರಾಣದಲ್ಲೇ ಇತ್ತು. ತಂಗಿಯನ್ನು ಮತ್ತೆ ಥಿಯೇಟರಿಗೆ ಒಯ್ದರು. ಗರ್ಭಕೋಶವೂ ಕೊಳೆತಿತ್ತು, ತೆಗೆದುಹಾಕಿದರು. ಹೊಲಿಯುವ ಮುಂಚೆ ದೊಡ್ಡ ಡಾಕ್ಟರಮ್ಮ ತಾವೇ ಮೊದಲು ಗ್ಲೌಸ್ ಕಳಚಿ ಹೊಸದು ಹಾಕಿದರು ಎಂದು ಥಿಯೇಟರಿನ ಸಿಸ್ಟರು ಹೇಳಿದಳು. ಹಾಕಲಿ. ನಾನು ಅವರಿಗೆ ಕೈ ಮುಗಿಯಲಿಲ್ಲ.

ನನ್ನನ್ನೂ ಉದ್ದಕ್ಕನನ್ನೂ ಕೆಲಸದಿಂದ ತೆಗೆದರು. ಶಿಸ್ತಿಲ್ಲವಂತೆ. ಉದ್ದಕ್ಕ ಈಗ ಒಂದು ಲಾಡ್ಜಿನಲ್ಲಿ ಚಾದರ ಒಗೆಯುತ್ತಾಳೆ. "ಅಲ್ಲಿಗಿಂತ ಇಲ್ಲಿ ಕಲೆ ಬೇರೆ ಥರ, ಮನುಷ್ಯರು ಅದೇ ಥರ" ಅನ್ನುತ್ತಾಳೆ. ನಾನು ಆಗ ಕೆಲಸಕ್ಕಾಗಿ ಅಲೆಯುತ್ತಿದ್ದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದಿನವೂ ತಂಗಿಯನ್ನು ನೋಡಲು ವಾರ್ಡಿಗೆ ಹೋಗುತ್ತಿದ್ದೆ, ಹೆಣದ ಬಾಗಿಲಿನಿಂದಲೇ.

ಅವಳು ಎದ್ದು ಕೂರುವ ಹಾಗಾದ ಮೇಲೆ ಒಂದು ಬೆಳಿಗ್ಗೆ ಮರಿ ಡಾಕ್ಟರು ಬಂದ. ಹಿಂದೆ ಹೊಸ ಹಿಂಡು. ನಾನು ಕೂಸಿಗೆ ಬಾಟಲಿ ಹಿಡಿದಿದ್ದೆ.

"ಬಟ್ಟೆ ಎತ್ತಮ್ಮ. ನೋಡ್ಬೇಕು" ಅಂದ. ಅವಳ ಮುಖ ಕೂಡ ನೋಡಿರಲಿಲ್ಲ.

ತಂಗಿ ಎರಡೂ ಕೈಯಿಂದ ಬಟ್ಟೆಯನ್ನು ಹೊಟ್ಟೆಗೆ ಒತ್ತಿ ಹಿಡಿದಳು.

"ಪರದೆ ಎಳೀರಿ" ಅಂದಳು.

ಒಬ್ಬಳು ಹುಡುಗಿ ಗಡಿಬಿಡಿಯಲ್ಲಿ ಪರದೆ ಎಳೆದಳು. ಮರಿ ಡಾಕ್ಟರು ಕೈ ಚಾಚಿದ. ತಂಗಿ ಬಟ್ಟೆ ಬಿಡಲಿಲ್ಲ.

"ಆ ಬೆಡ್ಡಿನೋಳ ಗಾಯ ಮುಟ್ಟಿದ್ರಿ. ಈಚೆ ಬೆಡ್ಡಿನೋಳ ಗಾಯ ಮುಟ್ಟಿದ್ರಿ. ನಾನು ನೋಡ್ತಾನೇ ಇದ್ದೆ. ಕೈ ತೊಳ್ಕೊಂಡು ಬನ್ನಿ."

"ಏನು?"

"ಕೈ ತೊಳ್ಕೊಂಡು ಬನ್ನಿ ಸಾರ್. ಆಮೇಲೆ ತೋರಿಸ್ತೀನಿ. ಅಲ್ಲೀವರೆಗೂ ಇದು ನನ್ನ ಹೊಟ್ಟೆ."

 ಎದುರು ಬೆಡ್ಡಿನವರು ಎದ್ದು ಕೂತರು. ಮರಿ ಡಾಕ್ಟರಿನ ಕಿವಿ ಕೆಂಪಾಯಿತು. ಹಿಂಡಿನ ಮುಂದೆ ಬೈಯಲೂ ಆಗದು, ಹೋಗಲೂ ಆಗದು. ಕೊನೆಗೆ ಮೂಲೆಯ ತೊಟ್ಟಿಯ ಕಡೆ ಹೋಗಿ ನಲ್ಲಿ ತಿರುಗಿಸಿದ. ನೀರು ಬಂತು. ಸೋಪಿರಲಿಲ್ಲ. ಆ ವಾರ್ಡಿನ ತೊಟ್ಟಿಯಲ್ಲಿ ಸೋಪು ಇಡುವ ಪದ್ಧತಿಯೇ ಇರಲಿಲ್ಲ. ಅವನು ಒದ್ದೆ ಕೈ ಹಿಡಿದುಕೊಂಡು ಅತ್ತ ಇತ್ತ ನೋಡಿದ.

ಪಕ್ಕದ ಬೆಡ್ಡಿನ ಎಳೆ ಬಾಣಂತಿ ತಲೆದಿಂಬಿನ ಕೆಳಗೆ ಕೈ ಹಾಕಿದಳು. ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ತನ್ನ ಸೋಪಿನ ತುಂಡು ತೆಗೆದಳು. ಸವೆದು ಸವೆದು ಹಲ್ಲಿನಷ್ಟಾಗಿತ್ತು. ಗಾಯ ಹಿಡಿದುಕೊಂಡು ಮೆಲ್ಲಗೆ ಎದ್ದು ಹೋಗಿ ಅವನ ಅಂಗೈ ಮೇಲೆ ಇಟ್ಟಳು.

"ಇದು ತಗೊಳ್ಳಿ ಸಾರ್" ಅಂದಳು. "ವಾಪಸ್ ಕೊಡ್ಬೇಕು."